ಗೆರೆಯ ಬಲಗಡೆ: 1999ರ ಒಡಿಶಾ ಚಂಡಮಾರುತ ಸಾಗಿದ ದಾರಿ

ಟೀವಿಯಲ್ಲಿ ಚಂಡಮಾರುತದ ಸುದ್ದಿ ಬಂದಾಗ ಮೊದಲು ಕಾಣಿಸುವುದು ಒಂದು ನಕ್ಷೆ, ಅದರ ಮೇಲೊಂದು ಕೆಂಪು ಗೆರೆ, ಗೆರೆ ದಡ ಮುಟ್ಟುವಲ್ಲಿ ಒಂದು ಊರಿನ ಹೆಸರು. ನೋಡುವವರೆಲ್ಲ ಹಾಕುವ ಲೆಕ್ಕ ಒಂದೇ: ಗೆರೆ ನಮ್ಮೂರ ಮೇಲೆ ಹೋಗುತ್ತದೋ ಇಲ್ಲವೋ? ಇಲ್ಲ ಅಂತಾದರೆ ಚಾನೆಲ್ ಬದಲಾಗುತ್ತದೆ. ಇವತ್ತಿನ ಮಾತೆಲ್ಲ ಆ ಗೆರೆಯ ಬಗ್ಗೆಯೇ. ಚಂಡಮಾರುತದ ಕೇಂದ್ರ ಎಲ್ಲಿ ಹಾದುಹೋಗುತ್ತದೆ ಎಂಬುದಷ್ಟನ್ನೇ ಅದು ಹೇಳುತ್ತದೆ. ನೂರಾರು ಕಿಲೋಮೀಟರ್ ಅಗಲದ ಒಂದು ಸುಳಿಯನ್ನು ಪೆನ್ಸಿಲ್ ಗೀಟಿನಷ್ಟು ಮಾಡಿ ತೋರಿಸಿದಾಗ ಏನೆಲ್ಲ ಕಣ್ತಪ್ಪಿ ಹೋಗುತ್ತದೆ ಎಂಬುದಕ್ಕೆ 1999ರ ಅಕ್ಟೋಬರ್ 29ರಂದು ಒಡಿಶಾ ಕಂಡದ್ದಕ್ಕಿಂತ ಕಟುವಾದ ಉದಾಹರಣೆ ನಮ್ಮ ದೇಶದಲ್ಲಿ ಇತ್ತೀಚೆಗೆ ಇನ್ನೊಂದಿಲ್ಲ.

ಆ ಚಂಡಮಾರುತಕ್ಕೆ ಹೆಸರಿಲ್ಲ. ನಮ್ಮ ಸಮುದ್ರಗಳ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿ ಶುರುವಾದದ್ದು 2004ರಲ್ಲಿ. ಹಾಗಾಗಿ ಇದನ್ನು ಎಲ್ಲರೂ ‘ಸೂಪರ್ ಸೈಕ್ಲೋನ್’ ಎಂದೇ ಕರೆಯುತ್ತಾರೆ. ಅದು ಹೆಸರಲ್ಲ, ದರ್ಜೆ.

ಮೊದಲು ದಾರಿ ನೋಡೋಣ. ಅಕ್ಟೋಬರ್ 24ರ ಹೊತ್ತಿಗೆ ಥಾಯ್ಲೆಂಡ್ ಕೊಲ್ಲಿಯ ಮೇಲೆ ಮೋಡಗಳ ಒಂದು ಗುಂಪು ಸುತ್ತತೊಡಗಿತ್ತು. ಅದು ಪಶ್ಚಿಮಕ್ಕೆ ಸರಿದು, ಮಲಯ ಪರ್ಯಾಯ ದ್ವೀಪದ ಸಣ್ಣ ನೆಲಪಟ್ಟಿಯನ್ನು ದಾಟಿ ಅಂಡಮಾನ್ ಸಮುದ್ರಕ್ಕೆ ಇಳಿಯಿತು. 25ರ ಸಂಜೆಗೆ ಪೋರ್ಟ್ ಬ್ಲೇರಿನ ಪೂರ್ವಕ್ಕೆ ಸುಮಾರು 550 ಕಿ.ಮೀ. ದೂರದಲ್ಲಿ ವಾಯುಭಾರ ಕುಸಿತ ಎನಿಸಿಕೊಂಡಿತು. 26ಕ್ಕೆ ಚಂಡಮಾರುತ, 27ಕ್ಕೆ ತೀವ್ರ ಚಂಡಮಾರುತ, 28ರ ಸಂಜೆಗೆ ಸೂಪರ್ ಸೈಕ್ಲೋನ್. 29ರ ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನದೊಳಗೆ ಒಡಿಶಾದ ಬಂದರು ಊರಾದ ಪಾರಾದೀಪದ ದಕ್ಷಿಣಕ್ಕೆ ದಡ ದಾಟಿತು. ಉದ್ದಕ್ಕೂ ವಾಯವ್ಯ ದಿಕ್ಕು, ಹೆಚ್ಚು ಡೊಂಕಿಲ್ಲ. ಸುಮಾರು 1,500 ಕಿ.ಮೀ. ದಾರಿಯನ್ನು ಸುಮಾರು ತೊಂಬತ್ತು ಗಂಟೆಗಳಲ್ಲಿ ಸಾಗಿದೆ. ಭಾಗಿಸಿ ನೋಡಿ, ಗಂಟೆಗೆ ಹದಿನಾರೋ ಹದಿನೇಳೋ ಕಿಲೋಮೀಟರ್. ಸಮತಟ್ಟು ರಸ್ತೆಯಲ್ಲಿ ಸೈಕಲ್ ತುಳಿಯುವವನ ವೇಗ ಅಷ್ಟೇ. ಚಂಡಮಾರುತ ಸುತ್ತುವ ವೇಗ ಬೇರೆ, ಸಾಗುವ ವೇಗ ಬೇರೆ. ಸುದ್ದಿ ಓದುವಾಗ ಬಹಳ ಮಂದಿ ಇವೆರಡನ್ನು ಬೆರೆಸಿಬಿಡುತ್ತಾರೆ. ‘ಗಂಟೆಗೆ 200 ಕಿ.ಮೀ. ವೇಗದಲ್ಲಿ ಬರುತ್ತಿದೆ’ ಎಂದರೆ ಬೆಳಿಗ್ಗೆ ಹೊರಟದ್ದು ಮಧ್ಯಾಹ್ನಕ್ಕೆ ಬಂದುಬಿಡುತ್ತದೆ ಅಂದುಕೊಳ್ಳುತ್ತಾರೆ. ಹಾಗೆ ಬರುವುದಿಲ್ಲ. ದಿನಕ್ಕೆ ಮುನ್ನೂರು ನಾನೂರು ಕಿಲೋಮೀಟರ್ ಬಂದರೆ ಹೆಚ್ಚು. ಜನರನ್ನು ಸ್ಥಳಾಂತರಿಸಲು ಸಮಯ ಸಿಗುವುದು ಈ ನಿಧಾನದಿಂದಲೇ.

ದಾರಿಯಲ್ಲಿ ಅದು ಅಷ್ಟು ಬೇಗ ಬಲಿತದ್ದು ಹೇಗೆ? ಚಂಡಮಾರುತಕ್ಕೆ ಬೇಕಾದ್ದು ಬಿಸಿನೀರು. ಮೇಲ್ಮೈ ಉಷ್ಣತೆ ಕನಿಷ್ಠ 26.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಆದರೆ ಮೇಲ್ಮೈ ಬಿಸಿಯಿದ್ದರೆ ಸಾಲದು. ಗಾಳಿ ಸಮುದ್ರವನ್ನು ಕಡೆಯುತ್ತದೆ, ಕಡೆದಾಗ ಕೆಳಗಿನ ತಣ್ಣೀರು ಮೇಲಕ್ಕೆ ಬರುತ್ತದೆ, ತಣ್ಣೀರು ಬಂದರೆ ಒಲೆ ಆರಿದಂತೆ. ಬಿಸಿನೀರಿನ ಪದರ ಐವತ್ತು ಅರವತ್ತು ಮೀಟರ್ ದಪ್ಪವಿದ್ದರೆ ಎಷ್ಟು ಕಡೆದರೂ ಬಿಸಿಯೇ ಮೇಲೆ ಬರುತ್ತದೆ. ಮುಂಗಾರು ಮುಗಿದ ಅಕ್ಟೋಬರ್ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೀಗಿರುತ್ತದೆ. ಜೊತೆಗೆ ಕೆಳಗಿನ ಗಾಳಿಯೂ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಗಾಳಿಯೂ ಬೇರೆ ಬೇರೆ ದಿಕ್ಕಿಗೆ ಎಳೆಯಬಾರದು. ಎಳೆದರೆ ಮೋಡದ ಕಂಬ ವಾಲಿ ಮುರಿದುಬೀಳುತ್ತದೆ. ಮುಂಗಾರಿನ ನಡುವೆ, ಜುಲೈ ಆಗಸ್ಟ್‌ನಲ್ಲಿ, ಸಮುದ್ರ ಬಿಸಿಯಿದ್ದರೂ ದೊಡ್ಡ ಚಂಡಮಾರುತ ಏಳದಿರುವುದಕ್ಕೆ ಇದೇ ಮುಖ್ಯ ಕಾರಣ.

ಈಗ ಆ ಚಂಡಮಾರುತದ ಗಾಳಿಯ ಪ್ರಸಿದ್ಧ ಅಂಕಿ: ಗಂಟೆಗೆ 260 ಕಿ.ಮೀ. ಇದನ್ನು ಅಳೆದವರು ಯಾರು? ನಡುಸಮುದ್ರದಲ್ಲಿ ಗಾಳಿಯ ಮಾಪಕ ಹಿಡಿದು ನಿಂತವರು ಯಾರೂ ಇಲ್ಲ. ಉಪಗ್ರಹದ ಚಿತ್ರದಲ್ಲಿ ಮೋಡದ ಸುರುಳಿ ಎಷ್ಟು ಬಿಗಿಯಾಗಿದೆ, ಕಣ್ಣು (ಸುಳಿಯ ನಡುವಿನ ಶಾಂತ ಭಾಗ) ಎಷ್ಟು ಸ್ವಚ್ಛವಾಗಿದೆ, ಕಣ್ಣಿನ ಸುತ್ತಲಿನ ಮೋಡ ಎಷ್ಟು ತಣ್ಣಗಿದೆ ಎಂದು ನೋಡಿ ಅದಕ್ಕೆ ಅಂಕ ಕೊಡುತ್ತಾರೆ. ಇದಕ್ಕೆ ಡ್ವೊರಾಕ್ ವಿಧಾನ ಎಂದು ಹೆಸರು. 1999ರ ಚಂಡಮಾರುತಕ್ಕೆ ಸಿಕ್ಕ ಅಂಕ ಎಂಟಕ್ಕೆ ಏಳು. ಏಳು ಅಂಕಕ್ಕೆ ನಮ್ಮ ಹವಾಮಾನ ಇಲಾಖೆ ಲೆಕ್ಕಕ್ಕೆ ಹಿಡಿಯುವ ಒತ್ತಡದ ಕುಸಿತ 98 ಹೆಕ್ಟೊಪ್ಯಾಸ್ಕಲ್. ಸುತ್ತಲಿನ ಒತ್ತಡ 1010 ಇದ್ದರೆ ಕೇಂದ್ರದಲ್ಲಿ 912. ಗಾಳಿಯ ವೇಗ ಬೇಕಾದರೆ ಈ 98ರ ವರ್ಗಮೂಲವನ್ನು 14.2ರಿಂದ ಗುಣಿಸಬೇಕು. ವರ್ಗಮೂಲ 9.9, ಗುಣಿಸಿದರೆ 140 ನಾಟ್. ನಾಟ್ ಒಂದಕ್ಕೆ 1.852 ಕಿ.ಮೀ.ಯಂತೆ 260. ಇದೇ ನಿಮ್ಮ ಸೂಪರ್ ಸೈಕ್ಲೋನಿನ ಅಂಕಿ ಹುಟ್ಟಿದ ಕಥೆ. ಇದನ್ನು ಹೇಳಿದ್ದು ಅಂಕಿ ಸುಳ್ಳು ಅನ್ನುವುದಕ್ಕಲ್ಲ. ಅಂದಾಜು ಬಹಳ ಗಟ್ಟಿಯಾದದ್ದೇ. ಆದರೆ ಎರಡು ಚಾನೆಲ್ಲುಗಳಲ್ಲಿ ಎರಡು ವೇಗ ಕಂಡಾಗ ಜಗಳಕ್ಕೆ ಕೂರಬೇಡಿ. ನಮ್ಮವರು ಮೂರು ನಿಮಿಷದ ಸರಾಸರಿ ಹೇಳುತ್ತಾರೆ, ಅಮೆರಿಕದವರು ಒಂದು ನಿಮಿಷದ್ದು. ಒಂದೇ ಗಾಳಿಗೆ ಒಂದು ನಿಮಿಷದ ಸರಾಸರಿ ಸ್ವಲ್ಪ ಹೆಚ್ಚು ಬರುತ್ತದೆ.

ನಮ್ಮ ದರ್ಜೆಗಳೂ ಗಾಳಿಯ ವೇಗದ ಮೇಲೆಯೇ ನಿಂತಿವೆ. ಗಂಟೆಗೆ 62 ಕಿ.ಮೀ. ದಾಟಿದರೆ ಚಂಡಮಾರುತ, 89ಕ್ಕೆ ತೀವ್ರ, 118ಕ್ಕೆ ಅತಿ ತೀವ್ರ, 222ಕ್ಕೆ ಸೂಪರ್. ನನ್ನ ಮಟ್ಟಿಗೆ ಈ ಪಟ್ಟಿಯ ದೊಡ್ಡ ಕೊರತೆ ಇದೇ: ಇದರಲ್ಲಿ ನೀರಿನ ಪ್ರಸ್ತಾಪವೇ ಇಲ್ಲ.

ನೀರಿನ ಮಾತಿಗೆ ಹೋಗುವ ಮೊದಲು ಎಡ ಬಲದ ವಿಚಾರ ಮುಗಿಸೋಣ. ನಮ್ಮ ಉತ್ತರಾರ್ಧಗೋಳದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ನೀವೇ ಚಂಡಮಾರುತ ಎಂದುಕೊಳ್ಳಿ, ಸಾಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ನಿಮ್ಮ ಬಲಗೈ ಕಡೆ ಗಾಳಿ ಮುಂದಕ್ಕೆ ಬೀಸುತ್ತದೆ, ಎಡಗೈ ಕಡೆ ಹಿಂದಕ್ಕೆ. ಸುತ್ತುವ ಗಾಳಿ ಗಂಟೆಗೆ 150 ಕಿ.ಮೀ., ಸುಳಿ ಇಡಿಯಾಗಿ ಸಾಗುವುದು 20 ಎಂದಿಟ್ಟುಕೊಂಡರೆ ಬಲಗಡೆ ಎರಡೂ ಕೂಡಿ 170, ಎಡಗಡೆ ಕಳೆದು 130. ನಲವತ್ತರ ವ್ಯತ್ಯಾಸ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಗಾಳಿಯ ನೂಕುಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 170ರ ವರ್ಗವನ್ನು 130ರ ವರ್ಗದಿಂದ ಭಾಗಿಸಿ, 1.7 ಬರುತ್ತದೆ. ಒಂದೇ ಚಂಡಮಾರುತದ ಬಲಗಡೆ ಎಡಗಡೆಗಿಂತ ಮುಕ್ಕಾಲು ಪಾಲು ಹೆಚ್ಚಿನ ಹೊಡೆತ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಒಡಿಶಾದ ದಡ ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಹೋಗುತ್ತದೆ. ವಾಯವ್ಯಕ್ಕೆ ಮುಖ ಮಾಡಿ ಬರುವ ಚಂಡಮಾರುತ ಅದಕ್ಕೆ ಹೆಚ್ಚುಕಡಿಮೆ ನೇರವಾಗಿ ಎದುರಾಗುತ್ತದೆ. ಆಗ ಬಲಗಡೆಯ ಗಾಳಿ ಕಡಲಿನಿಂದ ನೆಲದ ಕಡೆಗೆ, ಎಡಗಡೆಯ ಗಾಳಿ ನೆಲದಿಂದ ಕಡಲಿನ ಕಡೆಗೆ. ಒಂದು ಕಡೆ ಸಮುದ್ರವನ್ನು ಊರೊಳಕ್ಕೆ ತಳ್ಳುತ್ತದೆ, ಇನ್ನೊಂದು ಕಡೆ ದಡದಿಂದ ಆಚೆಗೆ. 1999ರಲ್ಲಿ ಎಡಗಡೆ ಇದ್ದದ್ದು ಪುರಿ. ಬಲಗಡೆ ಇದ್ದದ್ದು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ, ಕುಜಂಗ್ ಮತ್ತು ಪಾರಾದೀಪ ಬಂದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 9,887 ಮಂದಿ. ಅವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಜಗತ್‌ಸಿಂಗ್‌ಪುರ ಒಂದೇ ಜಿಲ್ಲೆಯವರು. ಚಂಡಮಾರುತ ಹಾಳುಮಾಡಿದ ಜಿಲ್ಲೆಗಳು ಹದಿನಾಲ್ಕು ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಯನ್ನು ನೋಡಿ.

ಬಂದರಿನವರಿಗೆ ಇದೆಲ್ಲ ಹಳೆಯ ವಿದ್ಯೆ. ಬಂದರುಗಳಲ್ಲಿ ಒಂದರಿಂದ ಹನ್ನೊಂದರವರೆಗೆ ಎಚ್ಚರಿಕೆ ಸಂಕೇತಗಳನ್ನು ಏರಿಸುತ್ತಾರಲ್ಲ, ಸುದ್ದಿಯಲ್ಲಿ ಕೇಳಿರುತ್ತೀರಿ. ಸಂಖ್ಯೆ ದೊಡ್ಡದಾದಷ್ಟೂ ಗಾಳಿ ಜೋರು ಎಂದು ಎಲ್ಲರೂ ತಿಳಿಯುತ್ತಾರೆ. ಅರ್ಧ ಸರಿ. ಎಂಟು, ಒಂಬತ್ತು, ಹತ್ತು ಮೂರೂ ‘ಮಹಾ ಅಪಾಯ’ದವೇ. ಎಂಟು ಎಂದರೆ ತೀವ್ರ ಚಂಡಮಾರುತದ ದಾರಿಗೆ ಬಂದರು ಎಡಕ್ಕೆ ಬೀಳುತ್ತದೆ. ಒಂಬತ್ತು ಎಂದರೆ ಬಲಕ್ಕೆ. ಹತ್ತು ಎಂದರೆ ಬಂದರಿನ ಮೇಲೆಯೇ ಅಥವಾ ತೀರ ಹತ್ತಿರದಲ್ಲಿ. ಐದು, ಆರು, ಏಳು ಸಹ ಇದೇ ಕ್ರಮದಲ್ಲಿ ಎಡ, ಬಲ, ಮೇಲೆ. ಹಡಗಿನವನಿಗೆ ಗೆರೆಗಿಂತ ಗೆರೆಯ ಯಾವ ಬದಿ ಎಂಬುದೇ ಮುಖ್ಯ. ಟೀವಿ ನಕ್ಷೆಗೆ ಈ ಬುದ್ಧಿ ಇನ್ನೂ ಬಂದಿಲ್ಲ. ಅಂದಹಾಗೆ ಹನ್ನೊಂದನೆಯ ಸಂಕೇತಕ್ಕೂ ಗಾಳಿಯ ಜೋರಿಗೂ ಸಂಬಂಧವಿಲ್ಲ. ಹವಾಮಾನ ಕಚೇರಿಯ ಜೊತೆ ಸಂಪರ್ಕ ಕಡಿದಿದೆ, ಇನ್ನು ನಿಮ್ಮ ನಿರ್ಧಾರ ನಿಮ್ಮದು ಎಂದು ಅದರ ಅರ್ಥ.

ಈಗ ನೀರು. ಹವಾಮಾನದವರು ‘ಸ್ಟಾರ್ಮ್ ಸರ್ಜ್’ ಎನ್ನುತ್ತಾರೆ, ಪತ್ರಿಕೆಗಳಲ್ಲಿ ‘ದೈತ್ಯ ಅಲೆಗಳು’ ಎಂದು ಬರುತ್ತದೆ. ಅಲೆ ಎಂಬ ಮಾತು ದಾರಿ ತಪ್ಪಿಸುತ್ತದೆ, ಅದಕ್ಕೇ ನಾನು ‘ಕಡಲುಬ್ಬು’ ಎನ್ನುತ್ತೇನೆ. ಅಲೆ ಬರುತ್ತದೆ, ಹೋಗುತ್ತದೆ. ಕಡಲುಬ್ಬು ಬಂದರೆ ಸಮುದ್ರದ ಮಟ್ಟವೇ ಏರಿ ಗಂಟೆಗಟ್ಟಲೆ ನಿಲ್ಲುತ್ತದೆ. ಅಲೆಗಳು ಅದರ ಬೆನ್ನೇರಿ ಒಳಗೆ ಬರುತ್ತವೆ. 1999ರಲ್ಲಿ ಅದು ಐದಾರು ಮೀಟರ್ ಏರಿತು. ಎರಡು ಅಂತಸ್ತಿನ ಮನೆಯ ಎತ್ತರ.

ಐದಾರು ಮೀಟರ್ ಬಂದದ್ದು ಎಲ್ಲಿಂದ? ಚಂಡಮಾರುತದ ಕಣ್ಣಿನಲ್ಲಿ ಒತ್ತಡ ಕಡಿಮೆಯಿದೆ, ಆದ್ದರಿಂದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ ಸಮುದ್ರ ಮೇಲೇಳುತ್ತದೆ ಎಂದು ಹಲವರು ವಿವರಿಸುತ್ತಾರೆ. ಸುಳ್ಳಲ್ಲ, ಆದರೆ ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ನೀರು ಒಂದು ಸೆಂಟಿಮೀಟರ್ ಏರುತ್ತದೆ. ಇಳಿದದ್ದು 98. ಅಂದರೆ ಒಂದು ಮೀಟರಿಗೂ ಎರಡು ಸೆಂಟಿಮೀಟರ್ ಕಡಿಮೆ. ಉಳಿದ ನಾಲ್ಕೈದು ಮೀಟರ್ ಗಾಳಿ ತಳ್ಳಿ ತಂದದ್ದು. ಆಳ ಸಮುದ್ರದಲ್ಲಿ ಗಾಳಿ ನೀರನ್ನು ತಳ್ಳಿದರೆ ಆ ನೀರು ಅಡಿಯಿಂದ ವಾಪಸು ಹರಿದು ಸರಿದೂಗುತ್ತದೆ. ಆಳ ಕಡಿಮೆಯಿದ್ದರೆ ವಾಪಸು ಹೋಗಲು ಜಾಗವಿಲ್ಲ, ದಡಕ್ಕೆ ರಾಶಿ ಬೀಳುತ್ತದೆ. ಒಡಿಶಾದ ಮುಂದಿನ ಆಳ ಕಡಿಮೆ ಇರುವ ಕಡಲತಳ ಗೋಪಾಲಪುರದ ಕಡೆ ಕಿರಿದು, ಉತ್ತರಕ್ಕೆ ಹೋದಂತೆ ಅಗಲವಾಗುತ್ತದೆ. ಬಂಗಾಳದ ಮೂಲೆಗೆ ಹೋದರೆ ಇನ್ನೂ ಅಗಲ. ಅದೇ ಗಾಳಿ ಗೋಪಾಲಪುರದಲ್ಲಿ ಏರಿಸುವ ನೀರಿಗಿಂತ ಪಾರಾದೀಪದಲ್ಲಿ ಏರಿಸುವುದು ಹೆಚ್ಚು. 1970ರ ನವೆಂಬರಿನಲ್ಲಿ ಇಂದಿನ ಬಾಂಗ್ಲಾದೇಶದ ಭೋಲಾ ದ್ವೀಪದ ಕಡೆ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರಲ್ಲ, ಆ ಚಂಡಮಾರುತದ ಗಾಳಿ 1999ರದ್ದರಷ್ಟು ಜೋರಿನದಲ್ಲ. ಕಡಲತಳ ಅಂಥದ್ದು.

ದಡ ಹತ್ತಿದ ನೀರು ಸಮತಟ್ಟಾದ ಮುಖಜಭೂಮಿಯಲ್ಲಿ ತಡೆಯೇ ಇಲ್ಲದೆ ನಡೆಯಿತು. ಮಹಾನದಿಯ ಕವಲುಗಳು, ದೇವಿ ನದಿಯ ಅಳಿವೆ, ಸಣ್ಣಪುಟ್ಟ ಹಿನ್ನೀರಿನ ತೋಡುಗಳು ಇವೆಲ್ಲ ಒಳದಾರಿಗಳಾದವು. ಕೆಲವೆಡೆ ಉಪ್ಪುನೀರು ದಡದಿಂದ 35 ಕಿ.ಮೀ. ಒಳಗೆ ಹೋಯಿತು. ಅಷ್ಟು ದೂರದವರಿಗೆ ಸಮುದ್ರ ಎಂದರೆ ಕಣ್ಣಿಗೆ ಕಾಣುವುದಲ್ಲ. ಗಾಳಿಗೆ ಹೆದರಿ ಬಾಗಿಲು ಭದ್ರಪಡಿಸಿಕೊಂಡು ಮನೆಯೊಳಗೆ ಕೂತವರಿದ್ದರು. ಗಾಳಿಗೆ ಅದೇ ಸರಿಯಾದ ಉಪಾಯ, ನೀರಿಗೆ ಅದೇ ಬೋನು.

ಹರಿಯುವ ನೀರಿನ ಬಲವನ್ನು ಇಲ್ಲಿ ಒಮ್ಮೆ ತೂಗಿ ನೋಡಬೇಕು. ಸಮುದ್ರದ ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರ. ಸೆಕೆಂಡಿಗೆ ಎರಡು ಮೀಟರ್, ಅಂದರೆ ಗಂಟೆಗೆ ಏಳು ಕಿ.ಮೀ., ಬಿರುಸಾಗಿ ನಡೆಯುವವನ ವೇಗದಲ್ಲಿ ಹರಿಯುವ ನೀರು ಒಂದು ಚದರ ಮೀಟರ್ ಗೋಡೆಯ ಮೇಲೆ ಹಾಕುವ ಒತ್ತಡ, ಗಂಟೆಗೆ ಇನ್ನೂರು ಕಿ.ಮೀ. ವೇಗದ ಗಾಳಿ ಹಾಕುವಷ್ಟು. ಸೊಂಟದ ಮಟ್ಟದ ನೀರಿನಲ್ಲಿ ನಡೆದು ಹೋಗಬಹುದು ಅನ್ನುವವರಿಗೆ ಈ ಲೆಕ್ಕ ಹೇಳಿ. ಅದರಲ್ಲಿ ತೇಲಿಬರುವ ಮರದ ದಿಮ್ಮಿ, ತಗಡು, ಮುಳ್ಳುಕಂಟಿ ಬೇರೆ. ದನಕರುಗಳು ನಾಲ್ಕು ಲಕ್ಷಕ್ಕೂ ಹೆಚ್ಚು ಸತ್ತದ್ದು ಬಹುಮಟ್ಟಿಗೆ ಹೀಗೆಯೇ. ಕೊಟ್ಟಿಗೆಯಲ್ಲಿ ಕಟ್ಟಿದ ಹಗ್ಗ ಬಿಚ್ಚಿರಲಿಲ್ಲ. ದನಗಳನ್ನು ಬಿಚ್ಚಿ ಬಿಡಿ, ಕಟ್ಟಿ ಹಾಕಬೇಡಿ ಎಂಬ ಒಂದು ಸಾಲು ಈಗ ಚಂಡಮಾರುತದ ಸೂಚನೆಗಳಲ್ಲಿ ತಪ್ಪದೆ ಇರುತ್ತದೆ.

ಕಾಂಡ್ಲಾ ಕಾಡಿನ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಕೇಂದ್ರಪಾಡಾ ಜಿಲ್ಲೆಯ ನಾನೂರಕ್ಕೂ ಹೆಚ್ಚು ಹಳ್ಳಿಗಳನ್ನು ತೆಗೆದುಕೊಂಡು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಗೂ ಕಡಲಿಗೂ ನಡುವೆ ಕಾಂಡ್ಲಾ ಪಟ್ಟಿ ಅಗಲವಾಗಿದ್ದಲ್ಲಿ ಸಾವು ಕಡಿಮೆ. ಪಟ್ಟಿ ಸಣ್ಣದಾದಲ್ಲಿ ಅಥವಾ ಇಲ್ಲದಲ್ಲಿ ಹೆಚ್ಚು. ಬೇರುಗಳ ಜಾಲ ನೀರಿನ ವೇಗವನ್ನು ಮುರಿಯುತ್ತದೆ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತನ್ನು ಪರಿಸರದ ಭಾಷಣಗಳಲ್ಲಿ ಬಿಟ್ಟುಬಿಡುತ್ತಾರೆ: ಮೊದಲೇ ಎಚ್ಚರಿಸಿ ಜನರನ್ನು ಕರೆದೊಯ್ದದ್ದರಿಂದ ಉಳಿದ ಜೀವಗಳು ಕಾಂಡ್ಲಾದಿಂದ ಉಳಿದ ಜೀವಗಳಿಗಿಂತ ಹೆಚ್ಚು. ಎರಡೂ ಬೇಕು. ಒಂದರ ಬದಲಿಗೆ ಇನ್ನೊಂದು ಆಗದು.

ದಡ ದಾಟಿದ ಮೇಲೆ ಚಂಡಮಾರುತ ಏನು ಮಾಡಬೇಕು? ಬಿಸಿನೀರು ತಪ್ಪಿದೆ, ಒಳನಾಡಿಗೆ ಸಾಗಿ ಆರೇಳು ಗಂಟೆಗಳಲ್ಲಿ ಅರ್ಧ ಬಲ ಕಳೆದುಕೊಳ್ಳಬೇಕು. 1999ರದ್ದು ನಿಂತುಬಿಟ್ಟಿತು. ಚಂಡಮಾರುತಕ್ಕೆ ತನ್ನದೇ ಕಾಲಿಲ್ಲ. ಸುತ್ತಲಿನ ಮಧ್ಯಸ್ತರದ ಗಾಳಿ ಅದನ್ನು ತೇಲಿಸಿಕೊಂಡು ಹೋಗುತ್ತದೆ, ಹೊಳೆಯಲ್ಲಿ ಸುಳಿ ಸಾಗಿದಂತೆ. ಅದರ ಉತ್ತರಕ್ಕೆ ಅಧಿಕ ಒತ್ತಡದ ದಿಬ್ಬ ಅಡ್ಡ ನಿಂತಿತ್ತು. ಮುಂದಕ್ಕೆ ತಳ್ಳುವ ಗಾಳಿ ಇಲ್ಲದೆ ಅದು ಭುವನೇಶ್ವರದ ಆಸುಪಾಸಿನಲ್ಲೇ ಸುಮಾರು ಮೂವತ್ತು ಗಂಟೆ ಸುತ್ತಿತು. ಆಮೇಲೆ ಬಂದ ಕಡೆಗೇ ತಿರುಗಿ, ಸೊರಗಿ, ಮತ್ತೆ ಕೊಲ್ಲಿಗೆ ಇಳಿಯಿತು. ಈ ಮೂವತ್ತು ಗಂಟೆಗಳಲ್ಲಿ ಎರಡನೆಯ ನೀರು ಬಂತು, ಆಕಾಶದಿಂದ. ಒಂದು ದಿನದಲ್ಲಿ ಪಾರಾದೀಪದಲ್ಲಿ 53 ಸೆಂ.ಮೀ., ಭುವನೇಶ್ವರದಲ್ಲಿ 43 ಸೆಂ.ಮೀ. ಮಳೆ. ನದಿಗಳು ಮೇಲಿನಿಂದ ತುಂಬಿ ಬರುತ್ತಿವೆ, ಅಳಿವೆಯಲ್ಲಿ ಕಡಲು ಎತ್ತರದಲ್ಲಿದೆ, ನೀರು ಎಲ್ಲಿಗೆ ಹೋಗಬೇಕು? ನಕ್ಷೆಯಲ್ಲಿ ಗೆರೆ ದಡದಲ್ಲೇ ಮುಗಿದಂತೆ ಕಂಡರೂ ಒಳನಾಡಿನ ಜಿಲ್ಲೆಗಳಲ್ಲಿ ಪ್ರವಾಹ ಆಗ ಶುರುವಾಯಿತು. ರಸ್ತೆಯ ಮೇಲೆ ಮರಗಳು, ಟೆಲಿಫೋನ್ ಸತ್ತಿದೆ, ಹೆಲಿಕಾಪ್ಟರ್ ಹಾರಿಸುವಂತಿಲ್ಲ. ಪರಿಹಾರ ತಡವಾದದ್ದಕ್ಕೆ ಈ ನಿಂತ ಚಂಡಮಾರುತವೂ ಒಂದು ಕಾರಣ.

ಗಾಳಿಯನ್ನು ನಾನು ತೀರ ಹಗುರ ಮಾಡಿದಂತಾಯಿತೇನೋ. ಹದಿನಾರು ಲಕ್ಷಕ್ಕೂ ಹೆಚ್ಚು ಮನೆಗಳು ಜಖಂ ಆದವು. ಅದರಲ್ಲಿ ಗಾಳಿಯ ಪಾಲು ದೊಡ್ಡದು. ಕಟ್ಟಡದವರು ಬಳಸುವ ಸರಳ ಸೂತ್ರ ಇದು: ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿ, ಪ್ರತಿ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂಬುದು ಸಿಗುತ್ತದೆ. ಗಂಟೆಗೆ 260 ಕಿ.ಮೀ. ಎಂದರೆ ಸೆಕೆಂಡಿಗೆ 72 ಮೀಟರ್. ಲೆಕ್ಕ ಮಾಡಿದರೆ 3,100 ನ್ಯೂಟನ್, ಹೆಚ್ಚುಕಡಿಮೆ 315 ಕಿಲೋ ಭಾರ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಒಂದು ತಗಡಿನ ಶೀಟಿನ ಮೇಲೆ ಒಂಬೈನೂರು ಕಿಲೋ ದಾಟುತ್ತದೆ. ವೇಗ ಅರ್ಧವಾದರೆ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ.

ಈ ಭಾರ ಯಾವ ಕಡೆಗೆ ಎಂಬುದು ಮುಖ್ಯ. ಮಾಡಿನ ಮೇಲೆ ಗಾಳಿ ಒತ್ತುತ್ತದೆ ಎಂದು ಕಲ್ಲು, ಮರಳಿನ ಚೀಲ ಹೇರುವವರಿದ್ದಾರೆ. ಇಳಿಜಾರು ಕಡಿಮೆ ಇರುವ ಮಾಡನ್ನು ಗಾಳಿ ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಅಂಚು, ಮೂಲೆ, ನೆತ್ತಿಯ ಕಡೆ ಹೀರುವ ಬಲ ಅತಿ ಹೆಚ್ಚು. ಮನೆ ಬೀಳುವ ಕ್ರಮ ಸಾಮಾನ್ಯವಾಗಿ ಹೀಗೆ: ಗಾಳಿಗೆ ಎದುರಿರುವ ಒಂದು ಕಿಟಕಿ ಒಡೆಯುತ್ತದೆ. ಗಾಳಿ ಒಳನುಗ್ಗಿ ಒಳಗಿನಿಂದ ಮಾಡನ್ನು ಮೇಲಕ್ಕೆ ನೂಕುತ್ತದೆ. ಹೊರಗಿನಿಂದ ಹೀರುವುದು, ಒಳಗಿನಿಂದ ನೂಕುವುದು ಎರಡೂ ಸೇರಿದಾಗ ಮೊಳೆಗಳು ಕಿತ್ತು ಶೀಟು ಹಾರುತ್ತದೆ. ಮಾಡು ಹೋದ ಮೇಲೆ ಗೋಡೆಯ ತಲೆಗೆ ಹಿಡಿತವಿಲ್ಲ, ಗೋಡೆ ಮಲಗುತ್ತದೆ. ಹಾಗಾಗಿ ದುರಸ್ತಿಯೂ ಇದೇ ಕ್ರಮದಲ್ಲಿ ಯೋಚಿಸಬೇಕು. ಕಿಟಕಿಗೆ ಗಟ್ಟಿ ಹಲಗೆಯ ಮುಚ್ಚುಗೆ. ಶೀಟಿಗೆ ಬರೀ ಮೊಳೆಯ ಬದಲು ಜೆ ಬೋಲ್ಟ್ ಅಥವಾ ವಾಷರ್ ಇರುವ ಸ್ಕ್ರೂ, ಅಂಚಿನಲ್ಲಿ ಮತ್ತು ನೆತ್ತಿಯಲ್ಲಿ ಒತ್ತೊತ್ತಾಗಿ. ಸೂರು ಗೋಡೆಯಿಂದ ಒಂದೂವರೆ ಅಡಿಗಿಂತ ಹೆಚ್ಚು ಚಾಚಬಾರದು, ಚಾಚಿದಷ್ಟೂ ಗಾಳಿಗೆ ಹಿಡಿ ಸಿಕ್ಕಂತೆ. ಪಕ್ಕಾಸನ್ನು ಗೋಡೆಗೆ, ಗೋಡೆಯನ್ನು ತಳಪಾಯಕ್ಕೆ ಕಬ್ಬಿಣದ ಪಟ್ಟಿಯಿಂದ ಕಟ್ಟಬೇಕು. ಶೀಟು ಗಟ್ಟಿಯಾಗಿ ಪಕ್ಕಾಸು ಸಡಿಲವಾದರೆ ಇಡೀ ಮಾಡೇ ಹಾರುತ್ತದೆ. ಮತ್ತೆ, ಗಾಳಿ ತಟ್ಟನೆ ನಿಂತು ಆಕಾಶ ತಿಳಿಯಾದರೆ ಹೊರಗೆ ಬರಬೇಡಿ. ಅದು ಕಣ್ಣು. ಸ್ವಲ್ಪ ಹೊತ್ತಿನಲ್ಲಿ ಅಷ್ಟೇ ಜೋರಿನ ಗಾಳಿ ಎದುರು ದಿಕ್ಕಿನಿಂದ ಬರುತ್ತದೆ. ಮೊದಲ ಸುತ್ತಿನಲ್ಲಿ ಒಂದು ಬದಿಗೆ ವಾಲಿ ಬೇರು ಸಡಿಲಾದ ಮರ ಬೀಳುವುದು ಹೆಚ್ಚಾಗಿ ಎರಡನೆಯ ಸುತ್ತಿನಲ್ಲಿ.

ನೀರಿಳಿದ ಮೇಲಿನ ಕೆಲಸಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ, ಎರಡರಲ್ಲೂ ತಪ್ಪು ಮಾಡುವವರು ಹೆಚ್ಚು. ಒಂದು ಬಾವಿ. ಉಪ್ಪುನೀರು ತುಂಬಿದ ಬಾವಿಯನ್ನು ಪಂಪು ಹಾಕಿ ಪೂರ್ತಿ ಬರಿದು ಮಾಡಬೇಕೆಂದು ಹೊರಡುತ್ತಾರೆ. ಕರಾವಳಿಯ ಮರಳುನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳು ಪದರವಾಗಿ ತೇಲುತ್ತಿರುತ್ತದೆ. ಮೇಲಿಂದ ಮೇಲೆ ಬರಿದು ಮಾಡಿದರೆ ಅಡಿಯ ಉಪ್ಪುನೀರು ಮೇಲೇರಿ ಬರುತ್ತದೆ, ಬಾವಿ ಇನ್ನೂ ಕೆಡುತ್ತದೆ. ಕಸ ಕೆಸರು ತೆಗೆಯುವಷ್ಟು ಮಾತ್ರ ನಿಧಾನವಾಗಿ ಎತ್ತಿ, ಉಪ್ಪನ್ನು ಮಳೆಗೆ ಬಿಡಬೇಕು. ರೋಗಾಣುಗಳಿಗೆ ಬ್ಲೀಚಿಂಗ್ ಪುಡಿ ಬೇಕು. ಸಾಮಾನ್ಯ ಬಾವಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್, ಪುಡಿ ಸುಮಾರು 24 ಗ್ರಾಂ. ನೆರೆನೀರು ಹೊಕ್ಕ ಬಾವಿಗೆ ಇದು ಸಾಲದು. ಒಂದು ಗಂಟೆಯ ನಂತರವೂ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿಯುವವರೆಗೆ ಹೆಚ್ಚಿಸುತ್ತ ಹೋಗಬೇಕು. ಪುಡಿಯನ್ನು ನೇರ ಸುರಿಯಬೇಡಿ; ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಸಿ ತಳ ಸೇರಲು ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಬೇಕು. ಗಸಿಯೂ ಬಿದ್ದರೆ ನೀರು ಗಡುಸಾಗುತ್ತದೆ.

ಇನ್ನೊಂದು ಗದ್ದೆ. ಉಪ್ಪುನೀರು ನಿಂತ ಗದ್ದೆಯನ್ನು ನೀರಿಳಿದ ಕೂಡಲೇ ಉತ್ತರೆ ಮೇಲಿನ ಉಪ್ಪು ಒಳಕ್ಕೆ ಬೆರೆಯುತ್ತದೆ. ಮೊದಲು ನೀರನ್ನು ಹೊರಬಿಡಲು ಕಾಲುವೆ ಬಿಡಿಸಿಕೊಳ್ಳಬೇಕು. ಆಮೇಲೆ ಸಿಹಿನೀರು ಕಟ್ಟಿ ನಿಲ್ಲಿಸಿ, ಒಂದೆರಡು ದಿನ ಬಿಟ್ಟು ಹೊರಬಿಡಬೇಕು. ಹೀಗೆ ಎರಡು ಮೂರು ಸಲ. ಮಣ್ಣು ಅಂಟಾಗಿ ನೀರು ಇಂಗದಿದ್ದರೆ ಜಿಪ್ಸಮ್ ಹಾಕಿ ಮತ್ತೆ ತೊಳೆಯುವುದು. ಒಡಿಶಾಕ್ಕೆ ಆ ವರ್ಷದ ದುರದೃಷ್ಟವೆಂದರೆ ಚಂಡಮಾರುತ ಬಂದದ್ದು ಮುಂಗಾರು ಮುಗಿದ ಮೇಲೆ. ತೊಳೆಯುವ ಮಳೆಗೆ ಮುಂದಿನ ಜೂನ್‌ವರೆಗೆ ಕಾಯಬೇಕಿತ್ತು.

ಆಗ ಎಚ್ಚರಿಕೆಯೇ ಬಂದಿರಲಿಲ್ಲ ಎಂದು ಕೆಲವರು ಬರೆಯುತ್ತಾರೆ. ಬಂದಿತ್ತು. ಆದರೆ ಹತ್ತು ಹನ್ನೆರಡು ದಿನಗಳ ಹಿಂದಷ್ಟೇ, ಅಕ್ಟೋಬರ್ 17ರ ಹೊತ್ತಿಗೆ, ಇನ್ನೊಂದು ಚಂಡಮಾರುತ ದಕ್ಷಿಣ ಒಡಿಶಾದ ಗಂಜಾಂ ಕಡೆ ಹೊಡೆದು ಹೋಗಿತ್ತು. ಆಡಳಿತದ ಗಮನ, ಸಾಮಗ್ರಿ ಅಲ್ಲಿತ್ತು. ಹೊರಡಿ ಎಂದರೂ ಹೋಗಲು ಜಾಗವಿರಲಿಲ್ಲ. ಇಡೀ ಕರಾವಳಿಗೆ ಚಂಡಮಾರುತದ ಆಶ್ರಯ ಕಟ್ಟಡಗಳು ಬೆರಳೆಣಿಕೆಯಷ್ಟು. ಈಗ ಎಂಟುನೂರಕ್ಕೂ ಹೆಚ್ಚು ಇವೆ: ಕಂಬಗಳ ಮೇಲೆ ನಿಂತ, ನೆಲ ಅಂತಸ್ತು ಖಾಲಿ ಬಿಟ್ಟ ಕಟ್ಟಡಗಳು, ನೀರು ಅಡಿಯಿಂದ ಹಾದುಹೋಗಲೆಂದು. ಉಳಿದ ದಿನ ಬಹಳಷ್ಟು ಕಡೆ ಅವೇ ಶಾಲೆ. ಇದು ಚಂದಕ್ಕಲ್ಲ, ಬೀಗ ಹಾಕಿಟ್ಟ ಕಟ್ಟಡದ ಬೀಗದ ಕೈ ಬೇಕಾದ ದಿನ ಸಿಗುವುದಿಲ್ಲ. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಗೋಪಾಲಪುರದಲ್ಲಿ ಗಂಟೆಗೆ 200 ಕಿ.ಮೀ. ಮೀರಿದ ಗಾಳಿಯೊಂದಿಗೆ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸಾಗಿಸಿದ್ದರು, ಸತ್ತವರು ಐವತ್ತರೊಳಗೆ. 2019ರ ಮೇ 3ರಂದು ಫೊನಿ ಪುರಿಗೆ ಬಂದಾಗ ಹನ್ನೆರಡು ಲಕ್ಷ ಜನ ಸ್ಥಳಾಂತರ, ಒಡಿಶಾದಲ್ಲಿ ಸಾವು 64.

ನಮ್ಮ ಕರಾವಳಿಯವರು ‘ಅದು ಬಂಗಾಳ ಕೊಲ್ಲಿಯ ಕಥೆ’ ಎನ್ನಬಹುದು. 2021ರ ಮೇ ತಿಂಗಳ ತೌಕ್ತೆಯ ಗೆರೆಯನ್ನು ನೋಡಿ. ಲಕ್ಷದ್ವೀಪದ ಬಳಿ ಹುಟ್ಟಿ, ನೇರ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ಊನಾ ದೀವ್ ನಡುವೆ ದಡ ದಾಟಿತು. ಗೆರೆ ಕರ್ನಾಟಕವನ್ನು ಮುಟ್ಟಲೇ ಇಲ್ಲ. ಆದರೆ ಉತ್ತರಕ್ಕೆ ಸಾಗುವ ಚಂಡಮಾರುತದ ಬಲಗಡೆ ಯಾವುದು? ಪೂರ್ವ. ಮಂಗಳೂರು, ಉಡುಪಿ, ಕಾರವಾರ. ಇಲ್ಲಿ ಗಾಳಿ ದಡಕ್ಕೆ ನೇರವಾಗಿರದೆ ದಡದ ಗುಂಟ ಬೀಸಿದ್ದರಿಂದ ಒಡಿಶಾದಂಥ ಕಡಲುಬ್ಬು ಏಳಲಿಲ್ಲ. ಬಂದದ್ದು ಎತ್ತರದ ಅಲೆಗಳು, ಕೊರೆತ ಮತ್ತು ಭಾರೀ ಮಳೆ. ತೌಕ್ತೆ ಎಂದರೆ ಬರ್ಮೀ ಭಾಷೆಯಲ್ಲಿ ಜೋರಾಗಿ ಲೊಚಗುಟ್ಟುವ ಒಂದು ಜಾತಿಯ ಹಲ್ಲಿ. ಶಕುನದ ಹಲ್ಲಿಯನ್ನು ನಂಬುವ ನಾವು ಇದನ್ನಾದರೂ ಕೇಳಿಸಿಕೊಳ್ಳಬಹುದಿತ್ತು.

ಇನ್ನು ಬುಲೆಟಿನ್ ಓದುವ ಬಗೆ. ಗೆರೆಯ ಸುತ್ತ ಮುಂದಕ್ಕೆ ಹೋದಂತೆ ಅಗಲವಾಗುವ ಒಂದು ಶಂಕು ಇರುತ್ತದೆ. ಅದು ಚಂಡಮಾರುತದ ಗಾತ್ರವಲ್ಲ, ಕೇಂದ್ರ ಆಚೀಚೆ ಎಷ್ಟು ಸರಿಯಬಹುದು ಎಂಬ ಅಂದಾಜು. ಇಪ್ಪತ್ತನಾಲ್ಕು ಗಂಟೆ ಮುಂಚಿನ ಮುನ್ಸೂಚನೆ ಈಗಲೂ ಸರಾಸರಿ ಎಪ್ಪತ್ತು ಎಂಬತ್ತು ಕಿಲೋಮೀಟರ್ ತಪ್ಪುತ್ತದೆ. ಪುರಿಯಿಂದ ಪಾರಾದೀಪಕ್ಕೆ ಇರುವ ಅಂತರ ಇದಕ್ಕಿಂತ ಬಹಳ ಹೆಚ್ಚೇನಲ್ಲ. ಎಡಗಡೆ ಎಂದುಕೊಂಡು ಮಲಗಿದ ಊರು ಬೆಳಗಾಗುವಷ್ಟರಲ್ಲಿ ಬಲಗಡೆ ಆಗಬಹುದು. ಶಂಕುವಿನೊಳಗೆ ನಿಮ್ಮ ಊರಿದ್ದರೆ ನೀವು ಬಲಗಡೆ ಇದ್ದೀರಿ ಎಂದೇ ಸಿದ್ಧವಾಗಿ. ಆಮೇಲೆ ಗಾಳಿಯ ಸಾಲು ದಾಟಿ, ಕಡಲುಬ್ಬು ಎಷ್ಟು ಮೀಟರ್ ಎಂಬ ಸಾಲನ್ನು ಹುಡುಕಿ. ಅಲ್ಲಿ ‘ಖಗೋಳೀಯ ಉಬ್ಬರದ ಮೇಲೆ’ ಎಂಬ ಮಾತು ಇರುತ್ತದೆ, ಕಣ್ಣು ಜಾರಿಸಬೇಡಿ. ಎರಡು ಮೀಟರ್ ಎಂದರೆ ಆ ಹೊತ್ತಿನ ಉಬ್ಬರದ ಮೇಲೆ ಎರಡು ಮೀಟರ್. ಆ ಹೊತ್ತಿಗೆ ಇಳಿತವೋ ಭರತವೋ ಎಂಬುದನ್ನು ನೀವು ಸೇರಿಸಿಕೊಳ್ಳಬೇಕು.

ಇದಕ್ಕೆ ಯಾವ ಉಪಗ್ರಹವೂ ಬೇಡ, ಮನೆಯ ಪಂಚಾಂಗ ಸಾಕು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. 2021ರ ಮೇ 26ರಂದು ಬಾಲಸೋರಿನ ದಕ್ಷಿಣಕ್ಕೆ ದಡ ದಾಟಿದ ಯಾಸ್‌ನ ಗಾಳಿ ಗಂಟೆಗೆ 130–140 ಕಿ.ಮೀ. ಮಾತ್ರ, 1999ರ ಅರ್ಧದಷ್ಟು. ಆದರೆ ಅಂದು ಬುದ್ಧ ಪೂರ್ಣಿಮೆ, ಮೇಲೆ ಚಂದ್ರಗ್ರಹಣ. ದೀಘಾದಿಂದ ಸುಂದರಬನದವರೆಗೆ ಒಡ್ಡುಗಳು ಒಡೆದು ಊರುಗಳಿಗೆ ಉಪ್ಪುನೀರು ನುಗ್ಗಿತು. 1999ರ ಅಕ್ಟೋಬರಿನ ಪುಟವನ್ನೂ ತೆಗೆದು ನೋಡಿ. ಶೀಗಿ ಹುಣ್ಣಿಮೆ 24ನೇ ತಾರೀಖು. ಚಂಡಮಾರುತ ಬಂದ 29ಕ್ಕೆ ಚಂದ್ರ ಕರಗುತ್ತ ಅಷ್ಟಮಿಯ ಕಡೆಗೆ ಹೊರಟಿದ್ದ, ಉಬ್ಬರವೂ ತಗ್ಗುತ್ತಿತ್ತು. ಎರಸಮಾದ ಮೇಲೆ ಬಂದ ನೀರು ಐದು ದಿನ ಮೊದಲೇ ಬಂದಿದ್ದರೆ ಇನ್ನೂ ಎತ್ತರದಿಂದ ಬರುತ್ತಿತ್ತು.